ಮಲಗಿ ಹೋಗುವ ಗಾಡಿ

ಓಡಾಡುವ ಕಾರನ್ನು ನಡುವಿಗೆ ಕತ್ತರಿಸಿ, ಹಿಂದಿನ ಸೀಟು ಕಿತ್ತು, ಅಲ್ಲಿ ತಗಡಿನ ತೊಟ್ಟಿ ಕೂರಿಸಿ ಪಿಕಪ್ ಮಾಡಿಕೊಡುವುದು ಅವನ ಕಸುಬು. ಊರೆಲ್ಲ ಅವನನ್ನು ಗರಗಸ ಮೇಸ್ತ್ರಿ ಅಂತಲೇ ಕರೆಯುತ್ತಿತ್ತು. ಮೂವತ್ತು ವರ್ಷದಲ್ಲಿ ನಲವತ್ತೊಂದು ಗಾಡಿ, ಒಂದರಂತೆ ಇನ್ನೊಂದಿಲ್ಲ. ಗಾಜಿನಂಗಡಿಯವನಿಗೆ ಓರೆ ಚೌಕಟ್ಟು, ನಾಯಿ ಸಾಕುವವಳಿಗೆ ಜಾಲರಿ. ಕೆಲಸವೇನೋ ಅಪರಂಜಿ, ಹೇಳಿದ ದಿನಕ್ಕೆ ಮಾತ್ರ ಒಂದನ್ನೂ ಕೊಟ್ಟವನಲ್ಲ. ಬೆರಳು ಸವರಿದರೆ ಬೆಸುಗೆ ತಾಗಬಾರದು, ಮೂರನೇ ಕೋಟ್ ಬಣ್ಣ ಒಣಗದೆ ಗಾಡಿ ಶೆಡ್ ದಾಟಬಾರದು. ಗಿರಾಕಿಗಳು ಬೈದು ಬೈದು ಸುಸ್ತಾಗಿ ಮನೆಗೆ ಹೋಗುತ್ತಿದ್ದರು.

ಹೆಂಡತಿಗೆ ಬೆನ್ನುಮೂಳೆ ಕೈಕೊಟ್ಟು, ಕೂರಲೂ ಆಗದೆ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಊರಿನ ಆ ತುದಿಯಲ್ಲಿ ಅವಳ ಅಕ್ಕನಿಗೂ ಸೊಂಟ ಮುರಿದು ಅದೇ ಪಾಡು. ಅಕ್ಕನ ಮುಖ ಒಂದು ಸಲ ನೋಡಬೇಕು ಅನ್ನುವುದೊಂದೇ ಅವಳ ಆಸೆ. ಆಂಬುಲೆನ್ಸ್ ಕರೆಸೋಣ ಅಂದರೆ, ಅದು ಬಾಗಿಲಿಗೆ ಬಂದು ನಿಂತರೆ ಅಕ್ಕ ಎದೆಯೊಡೆದು ಸತ್ತಾಳು ಎಂದು ನಕ್ಕಳು. ಸರಿ, ಮೇಸ್ತ್ರಿ ಸ್ವಂತ ಕಾರಿಗೇ ಗ್ಯಾಸ್ ಕಟ್ಟರ್ ಹಿಡಿದ. ಅವಳುದ್ದಕ್ಕೆ ಅಳತೆ ತೆಗೆದು ತೊಟ್ಟಿ, ಮೈ ಕುಲುಕದ ಹಾಗೆ ಸ್ಪ್ರಿಂಗು, ನೆರಳಿಗೆ ಮೇಲೊಂದು ಮಡಚುವ ಚಾವಣಿ.

ತಿಂಗಳಲ್ಲಿ ಗಾಡಿ ಸಿದ್ಧವಾಯಿತು. ಅಂದರೆ ಬೇರೆ ಯಾರ ಲೆಕ್ಕದಲ್ಲಾದರೂ ಸಿದ್ಧ. ಇವನಿಗೆ ಎಡಬದಿಯ ಬೆಸುಗೆ ಮುಚ್ಚಲು ಮೆತ್ತಿದ ಪುಟ್ಟಿ ಮನಸ್ಸಿಗೆ ಬರಲಿಲ್ಲ. ಉಜ್ಜಿದ, ಬಳಿದ, ಮತ್ತೆ ಉಜ್ಜಿದ.

"ನಾಳೆ ಹೋಗೋಣ್ವಾ?" ಅಂದಳು.

"ಇನ್ನೊಂದು ಕೋಟ್ ಕಣೇ. ನಿನ್ನನ್ನ ತೇಪೆ ಗಾಡೀಲಿ ಕರ್ಕೊಂಡು ಹೋಗ್ಲಾ?"

ಅವಳು ವಾದಿಸಲಿಲ್ಲ. ಇಷ್ಟು ವರ್ಷ ಈ ಹಟಮಾರಿಯ ಜೊತೆ ಏಗಿದವಳು. ಐದನೆಯ ದಿನ ಜ್ವರ ಬಂತು. ಎಂಟನೆಯ ದಿನ ಬೆಳಿಗ್ಗೆ ಅವನು ಟೀ ತಂದು ಎಬ್ಬಿಸಿದರೆ ಏಳಲಿಲ್ಲ. ಆ ಪುಟ್ಟಿಗಿಷ್ಟು ಬೆಂಕಿ ಹಾಕ.

ಮಧ್ಯಾಹ್ನ ಅದೇ ಗಾಡಿಯಲ್ಲಿ ಹೆಂಡತಿಯ ಅಕ್ಕನನ್ನು ಕರೆತರಲು ಹೋದ. ಸಹಾಯಕ್ಕೆ ಅವನ ಜೊತೆ ಬಂದ ಇಬ್ಬರು ನೆರೆಯವರು ಅವಳನ್ನೆತ್ತಿ ಮಲಗಿಸಿದರು. ಮುದುಕಿ ದಾರಿಯುದ್ದಕ್ಕೂ ಅಳುತ್ತಲೇ ಬಂದಳು. ಮನೆ ಮುಂದೆ ಗಾಡಿ ನಿಂತಾಗ ಕಣ್ಣೊರೆಸಿಕೊಂಡು ಸುತ್ತ ನೋಡಿದಳು.

"ಇದು ಯಾವತ್ತು ಓಡೋ ಹಾಗಾಯ್ತು?"

ಇವತ್ತೇ ಅನ್ನಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಸುಳ್ಳು ಬಾಯಿಗೆ ಬರಲಿಲ್ಲ.

"ಎಂಟು ದಿನ ಆಯ್ತು, ಅತ್ತಿಗೆ."

ಮುದುಕಿ ಅವನನ್ನೇ ನೋಡಿದಳು. ಇಳಿಸಲು ಅವನು ಚಾಚಿದ ಕೈಯನ್ನು ಬದಿಗೆ ಸರಿಸಿ, ನೆರೆಯವರನ್ನು ಕರೆದಳು.