ಗಾಳಿ ಅಳೆಯುವ ಮನೆಯಲ್ಲಿ ಬಾಣಂತನ

ಹೊರಗೆ ಹಿಮ ಸುರಿಯುತ್ತಿತ್ತು. ಆ ಬೆಳಿಗ್ಗೆ ನಮ್ಮ ಮನೆಗೆ ಬಂದ ಹೆಲ್ಗಾ ಅನ್ನುವ ಹೆಂಗಸು ಬೂಟು ಕಳಚಿ, ಕೈ ಕುಲುಕಿ, ನೇರ ಮಲಗುವ ಕೋಣೆಗೆ ನುಗ್ಗಿ ಕಿಟಕಿಗಳನ್ನೆಲ್ಲ ಪೂರಾ ತೆರೆದಳು. ಆಮೇಲೆ ಅಡುಗೆಮನೆಯದು, ಆಮೇಲೆ ಹಜಾರದ್ದು. ಜರ್ಮನಿಯ ಷ್ಟುಟ್‌ಗಾರ್ಟಿಗೆ ನಾವು ಬಂದಿಳಿದು ಇನ್ನೂ ಒಂದು ದಿನವಾಗಿರಲಿಲ್ಲ. ನಾನು, ನನ್ನ ಗಂಡ ಶಿವು ಇಬ್ಬರೂ ಇದ್ದ ಶಾಲುಗಳನ್ನೆಲ್ಲ ಹೊದ್ದುಕೊಂಡು ಮೂಲೆಯಲ್ಲಿ ನಿಂತು ಗಡಗಡ ನಡುಗುತ್ತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಎಲ್ಲ ಮುಚ್ಚಿ, "ದಿನಾ ಹೀಗೆ ಮಾಡಬೇಕು" ಎಂದಳು. ಇದಕ್ಕೆ ಅವರ ಭಾಷೆಯಲ್ಲಿ ಲ್ಯುಫ್ಟನ್ ಅನ್ನುತ್ತಾರೆ, ಅಂದರೆ ಮನೆಗೆ ಗಾಳಿ ಹಾಯಿಸುವುದು. ಬಾಡಿಗೆ ಕರಾರಿನಲ್ಲೂ ಅದು ಬರೆದಿತ್ತು. ಗೋಡೆಗೆ ಮೊಳೆ ಹೊಡೆಯಬಾರದು, ಮಾಂಸ ಬೇಯಿಸಬಾರದು ಅಂತ ಬರೆಸಿಕೊಳ್ಳುವವರನ್ನು ನಮ್ಮೂರು ಅರಸೀಕೆರೆಯಲ್ಲಿ ಕಂಡಿದ್ದೆ. ಉಸಿರಾಡಬೇಕು ಅಂತ ಬರೆಸಿಕೊಳ್ಳುವವರನ್ನು ಕಂಡಿರಲಿಲ್ಲ.

ನಾನು ಅಲ್ಲಿಗೆ ಹೋಗಿದ್ದೇ ಈ ಗಾಳಿಯ ಸಲುವಾಗಿ ಅನ್ನುವುದು ಇನ್ನೂ ತಮಾಷೆ. ಹಾಸನದಲ್ಲಿ ಇಂಜಿನಿಯರಿಂಗ್ ಪಾಠ ಹೇಳುತ್ತಿದ್ದವಳಿಗೆ ಹಲವು ದೇಶದವರು ಕೂಡಿ ಮಾಡುತ್ತಿದ್ದ ಸಂಶೋಧನೆಯೊಂದರಲ್ಲಿ ಜಾಗ ಸಿಕ್ಕಿತ್ತು. ಆಗಷ್ಟೇ ಬಂದಿದ್ದ ಯೂರೋ ನೋಟುಗಳು ಇನ್ನೂ ಗರಿಗರಿಯಾಗಿದ್ದವು. ಪ್ರಶ್ನೆ ಸರಳ. ಚಳಿದೇಶದ ಮನೆಯನ್ನು ಸಂದಿಯಿಲ್ಲದಂತೆ ಮುಚ್ಚಿದರೆ ಬೆಚ್ಚಗಿಡಲು ಸುಡುವ ಇಂಧನ ಉಳಿಯುತ್ತದೆ, ಆದರೆ ಒಳಗಿನ ಗಾಳಿ ಹಳಸುತ್ತದೆ. ಎಷ್ಟು ಮುಚ್ಚಬೇಕು, ಎಷ್ಟು ಬಿಡಬೇಕು? ನಮಗೆ ಕೊಟ್ಟ ಮನೆಯೂ ಪ್ರಯೋಗದ ಭಾಗವೇ. ಗೋಡೆಗೆ ದಪ್ಪ ಫೋಮ್ ಸುತ್ತಿದ್ದರು, ಕಿಟಕಿಗೆ ರಬ್ಬರ್ ಪಟ್ಟಿ ಹಾಕಿದ್ದರು. ಮಲಗುವ ಕೋಣೆಯ ಕಿಟಕಿಯ ಮೇಲೆ ಹೊರಗಾಳಿ ಬರಲೆಂದು ಗೇಣುದ್ದದ ಸೀಳು, ಪ್ರತಿ ಕೋಣೆಯಲ್ಲೂ ಗಾಳಿ ಅಳೆಯುವ ಒಂದು ಬಿಳಿ ಪೆಟ್ಟಿಗೆ. ಹೆಲ್ಗಾ ನಮ್ಮ ತಂಡದವಳೇ, ಆ ಪೆಟ್ಟಿಗೆಗಳ ಉಸ್ತುವಾರಿ ಅವಳದು.

ಅರಸೀಕೆರೆಯ ನಮ್ಮ ಹೆಂಚಿನ ಮನೆಗೆ ಗಾಳಿ ಯಾರನ್ನೂ ಕೇಳಿ ಬರುತ್ತಿರಲಿಲ್ಲ. ಹೆಂಚಿನ ಸಂದಿಯಲ್ಲಿ ಬರುತ್ತಿತ್ತು, ಅಟ್ಟದಲ್ಲಿ ಒಣಗುತ್ತಿದ್ದ ಕೊಬ್ಬರಿಯ ವಾಸನೆ ಹೊತ್ತುಕೊಂಡು ಹೋಗುತ್ತಿತ್ತು. ಇಲ್ಲಿ ಸೋಮವಾರ ಹಾಕಿದ ಸಾಸಿವೆ ಒಗ್ಗರಣೆ ಗುರುವಾರದ ತನಕ ಕೋಟಿನಲ್ಲಿ, ಕೂದಲಲ್ಲಿ, ಬೋರ್ಡ್ ಒರೆಸುವ ಬಟ್ಟೆಯಲ್ಲಿ ಕೂತಿರುತ್ತಿತ್ತು. ಟ್ರಾಮಿನಲ್ಲಿ ಪಕ್ಕದವರು ಮೆಲ್ಲನೆ ಸರಿದು ಕೂರುವಾಗ ನನಗೆ ಅಳು ಬಂದದ್ದುಂಟು. ತೆಂಗಿನ ವ್ಯಾಪಾರದ ಮನೆತನದ ಶಿವು ಮಾತ್ರ ಸಂತೆಯಲ್ಲಿ ಚೌಕಾಸಿ ಮಾಡುತ್ತಲೇ ನನಗಿಂತ ಬೇಗ ಜರ್ಮನ್ ಕಲಿತುಬಿಟ್ಟ.

ತಂಡದ ಸಭೆಗಳೆಂದರೆ ಇನ್ನೊಂದು ತಲೆನೋವು. ಕೆನಡಾದವರು ಎಲ್ಲ ಮುಚ್ಚಿ ಫ್ಯಾನು ಇಡಿ ಅನ್ನುತ್ತಿದ್ದರು. ಜರ್ಮನ್ನರು ಕಿಟಕಿ ತೆರೆದರೆ ಸಾಕು ಅನ್ನುತ್ತಿದ್ದರು. ಸ್ವೀಡನ್ನಿನವರು ಇಬ್ಬರನ್ನೂ ಕಂಡು ನಿಟ್ಟುಸಿರು ಬಿಡುತ್ತಿದ್ದರು. ಮನೆಯೊಳಗೆ ಜನ ಏನು ಬೇಯಿಸುತ್ತಾರೆ, ಏನು ಸುಡುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ ಎಂದು ನಾನು ಹೇಳಿದರೆ, "ಹೊಗೆ ನಿಮ್ಮ ಕಡೆಯ ಸಮಸ್ಯೆ" ಎಂದು ನನ್ನ ಮಾತನ್ನು ಕೊನೆಗೆ ತಳ್ಳುತ್ತಿದ್ದರು. ಕೊನೆ ಬರುವಷ್ಟರಲ್ಲಿ ಎಲ್ಲರಿಗೂ ರೈಲಿನ ಹೊತ್ತಾಗಿರುತ್ತಿತ್ತು.

ಎರಡನೆಯ ಚಳಿಗಾಲದಲ್ಲಿ ನನಗೆ ಮಗಳು ಹುಟ್ಟಿದಳು. ಬಾಣಂತನಕ್ಕೆ ನಮ್ಮಮ್ಮ ಬಂದಳು. ಪೆಟ್ಟಿಗೆಯಲ್ಲಿ ಹರಳೆಣ್ಣೆ, ಬಜೆ, ಸಾಂಬ್ರಾಣಿ, ಜೊತೆಗೆ ತೆಂಗಿನ ಚಿಪ್ಪಿನ ಇದ್ದಿಲು. "ಅಲ್ಲಿ ಕೆಂಡಕ್ಕೆ ಏನ್ ಮಾಡ್ತೀಯಾ ಅಂತ ತಂದೆ" ಎಂದಳು. ಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ, ನಿಜ ಹೇಳಬೇಕೆಂದರೆ ಆ ವಾಸನೆಗೆ ನಾನೇ ಹಾತೊರೆದಿದ್ದೆ. ದಿನವೂ ಮಗುವಿಗೆ ಎಣ್ಣೆ ನೀರು, ಆಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಕೂದಲಿಗೆ, ಮೈಗೆ ಹೊಗೆ. ನಾನು ಕಿವಿಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ. ಊರಿನಲ್ಲಾಗಿದ್ದರೆ ಹೊಗೆ ಹೆಂಚು ದಾಟಿ ಹೋಗಿಬಿಡುತ್ತಿತ್ತು. ಇಲ್ಲಿ ಅದು ಚಾವಣಿಯ ಕೆಳಗೆ ಸುತ್ತಿಕೊಂಡು ನಿಲ್ಲುತ್ತಿತ್ತು. ಕಿಟಕಿ ತೆರೆಯೋಣ ಅಂದರೆ ಅಮ್ಮ ಅಡ್ಡ ನಿಂತುಬಿಡುತ್ತಿದ್ದಳು. "ಹಸೀ ಬಾಣಂತಿ ನೀನು. ಕಿಟ್ಕಿ ತೆಗೆದ್ರೆ ನಮ್ಮೂರ ಮಾಲೇಕಲ್ಲು ಬೆಟ್ಟದ ಮೇಲೆ ಮಗೂನ ಮಲಗಿಸ್ದಂಗಾಯ್ತದೆ." ಹೋಗಲಿ, ಕಿಟಕಿಯ ಮೇಲಿನ ಆ ಸೀಳಿನಿಂದಾದರೂ ಗಾಳಿ ಬರುತ್ತದಲ್ಲ ಎಂದು ನಾನು ಸುಮ್ಮನಾಗುತ್ತಿದ್ದೆ.

ಕೆಲವು ವಾರ ಕಳೆಯುವಷ್ಟರಲ್ಲಿ ಮಗುವಿನ ಎದೆಯಲ್ಲಿ ಸಣ್ಣ ಸಿಳ್ಳು ಶುರುವಾಯಿತು. ಹಾಲು ಕುಡಿಯುವಾಗ ನಡುವೆ ಬಿಟ್ಟು ಏದುಸಿರು ಬಿಡುತ್ತಿದ್ದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಮನೆಯಲ್ಲಿ ಯಾರು ಸಿಗರೇಟು ಸೇದುತ್ತಾರೆ?" ಅಂದರು. ಶಿವು ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ, ಅವನ ಮುಖ ಕೆಂಪಾಯಿತು. ಸಾಂಬ್ರಾಣಿ ಅಂದರೆ ಏನೆಂದು ನಾನು ಜರ್ಮನ್ನಿನಲ್ಲಿ ತಡವರಿಸಿ ಹೇಳಿದೆ. ಹೊಗೆ ನಿಲ್ಲಿಸಿ, ಇಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಅವರು ಹೇಳಿಯೇಬಿಟ್ಟರು.

ಅಮ್ಮ ನಂಬಲಿಲ್ಲ. "ಥಂಡಿ ಆಗೈತೆ ಅಷ್ಟೇಯ. ನಿಮ್ಮನ್ನೆಲ್ಲ ಹಿಂಗೇ ಸಾಕಿಲ್ವಾ?" ಮಗು ಕೆಮ್ಮಿದಷ್ಟೂ ಅವಳ ಲೆಕ್ಕದಲ್ಲಿ ಥಂಡಿ ಹೆಚ್ಚುತ್ತಿತ್ತು, ಥಂಡಿ ಹೆಚ್ಚಿದಷ್ಟೂ ಹೊಗೆ ಹೆಚ್ಚುತ್ತಿತ್ತು. ನಾನು ಸ್ನಾನಕ್ಕೆ ಹೋದಾಗ ಸದ್ದಿಲ್ಲದೆ ಕೆಂಡ ತಂದಿಡುತ್ತಿದ್ದಳು. ಬಾಗಿಲು ತೆರೆದರೆ ಮೂಗೇ ಹೇಳುತ್ತಿತ್ತು. ದೇಶದೇಶದವರಿಗೆ ಗಾಳಿಯ ಪಾಠ ಹೇಳುವವಳಿಗೆ ಹೆತ್ತ ತಾಯಿಯ ಕೈಯಿಂದ ಒಂದು ಧೂಪಾರತಿ ಕಸಿದುಕೊಳ್ಳಲು ಆಗುತ್ತಿರಲಿಲ್ಲ. ನನ್ನ ಮೇಲೆ ನನಗೇ ರೇಗಿಹೋಗುತ್ತಿತ್ತು.

ಅಷ್ಟರಲ್ಲಿ ಹೆಲ್ಗಾ ಬಂದಳು. ಮಲಗುವ ಕೋಣೆಯ ಪೆಟ್ಟಿಗೆ ಕೆಟ್ಟಿರಬೇಕು, ಅದರ ಅಂಕಿಗಳನ್ನು ನೋಡಿದರೆ ಇಲ್ಲಿ ಒಂದು ಮದುವೆ ದಿಬ್ಬಣ ಮಲಗಿರುವ ಹಾಗಿದೆ ಎಂದಳು. ಪೆಟ್ಟಿಗೆ ಸರಿಯಾಗಿಯೇ ಇತ್ತು. ಅವಳು ಕುರ್ಚಿ ಹತ್ತಿ ಪರದೆ ಸರಿಸಿ ಕಿಟಕಿಯ ಮೇಲಿನ ಸೀಳಿಗೆ ಬೆರಳು ಹಾಕಿದಳು. ಒಳಗಿಂದ ಅಮ್ಮನ ಹಳೇ ಸೀರೆಯ ತುಂಡು, ಎಳೆದಷ್ಟೂ ಬಂತು. ಬೀರುವನ್ನು ಸರಿಸಿದರೆ ಹಿಂದಿನ ಗೋಡೆಯ ತುಂಬ ಕಪ್ಪು ಬೂಸು. ಅದರಿಂದ ಮೊಳ ದೂರದಲ್ಲಿ ಮಗುವಿನ ತೊಟ್ಟಿಲು.

"ಇದನ್ನು ಯಾರು ತುರುಕಿದರು?" ಎಂದಳು ಹೆಲ್ಗಾ.

ಅಮ್ಮನಿಗೆ ಭಾಷೆ ಬಾರದಿದ್ದರೂ ಪ್ರಶ್ನೆ ಗೊತ್ತಾಯಿತು. "ನಾನೇ ಕಣಮ್ಮ. ಬಾಣಂತಿ ಕೋಣೇಲಿ ಹಿಂಗೆ ತೂತು ಬಿಟ್ರೆ ಸುಯ್ ಅಂತ ಗಾಳಿ ನುಗ್ತದೆ. ಕಟ್ದೋರಿಗೆ ಅಷ್ಟೂ ಗೊತ್ತಾಗ್ಲಿಲ್ವಾ?" ಎಂದು ಕನ್ನಡದಲ್ಲೇ ಗದರಿದಳು. ಹೆಲ್ಗಾ ನನ್ನ ಮುಖ ನೋಡಿದಳು. ಅಮ್ಮನ ಮಾತನ್ನು ಅವಳಿಗೆ, ಅವಳ ಮಾತನ್ನು ಅಮ್ಮನಿಗೆ ದಾಟಿಸುತ್ತ ನಿಂತ ನನಗೆ ಇಬ್ಬರನ್ನೂ ಆಚೆ ಕಳಿಸಿ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸುತ್ತಿತ್ತು.

ಹೆಲ್ಗಾ ಹೋದ ಮೇಲೆ ನಾನು ಅಮ್ಮನಿಗೆ ಅಟ್ಟದ ಕೊಬ್ಬರಿಯ ವಿಷಯ ತೆಗೆದೆ. "ಅಟ್ಟಕ್ಕೆ ಗಾಳಿ ಆಡದಿದ್ರೆ ಕೊಬ್ಬರಿಗೆ ಬೂಸು ಬರುತ್ತೆ ಅಂತ ನೀನೇ ಹೇಳ್ತಿದ್ದೆಯಲ್ಲ. ಇಲ್ಲೂ ಅದೇ ಆಗಿರೋದು."

"ಕೊಬ್ಬರಿಗೆ ಯಾರಾದ್ರೂ ಬಾಣಂತನ ಮಾಡ್ತಾರೇನೇ?" ಅಂದಳು ಅಮ್ಮ.

ಶಿವು ನಗು ತಡೆಯಲಾರದೆ ಅಡುಗೆಮನೆಗೆ ಹೋದ. ನನಗೆ ನಗು ಬರಲಿಲ್ಲ. ಮಗುವನ್ನು ಎತ್ತಿ ಅದರ ಎದೆಯನ್ನು ಅಮ್ಮನ ಕಿವಿಗೆ ಹಿಡಿದೆ. ಆ ಸಿಳ್ಳನ್ನು ಅವಳು ಬಹಳ ಹೊತ್ತು ಕೇಳಿದಳು. ಮಾರನೆಯ ದಿನದಿಂದ ಸಾಂಬ್ರಾಣಿ ಹಾಕಲಿಲ್ಲ. ಬೆಳಿಗ್ಗೆ ನಾವು ಹಜಾರಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು, ಶಿವು ಕೋಣೆಗೆ ಗಾಳಿ ಹಾಯಿಸಿ ಮತ್ತೆ ಬೆಚ್ಚಗೆ ಮಾಡಿ ಕರೆಯುತ್ತಿದ್ದ. ಅಷ್ಟು ಹೊತ್ತೂ ಅಮ್ಮ ಮಗುವನ್ನು ಸೆರಗಿನೊಳಗೆ ಒತ್ತಿಕೊಂಡು ಆ ಬಾಗಿಲನ್ನೇ ದುರುಗುಟ್ಟಿ ನೋಡುತ್ತಿದ್ದಳು. ಗೋಡೆ ಕೆರೆದು ಒಣಗಿಸಿದ ಮೇಲೆ ಸಿಳ್ಳು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ವೀಸಾ ಮುಗಿದು ಅಮ್ಮ ಊರಿಗೆ ಹೊರಟಳು.

ಮಗಳಿಗೆ ನಡಿಗೆ ಬಂದ ಮೇಲೆ ಮೊದಲ ಸಲ ಅರಸೀಕೆರೆಗೆ ಕರೆದುಕೊಂಡು ಹೋದೆ. ಊರ ಗಾಳಿ ಬಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದೆ. ಅಷ್ಟರಲ್ಲಿ ನಮ್ಮಣ್ಣ ಹೆಂಚು ಇಳಿಸಿ ತಾರಸಿ ಹಾಕಿಸಿದ್ದ. ಬೆಂಗಳೂರಿನಲ್ಲಿ ನೋಡಿ ಬಂದ ಜಾರುವ ಗಾಜಿನ ಕಿಟಕಿ ಹಾಕಿಸಿ, ಸೊಳ್ಳೆ ಬರುತ್ತವೆ ಅಂತ ಗವಾಕ್ಷಿಗಳಿಗೆ ಸಿಮೆಂಟು ಮೆತ್ತಿಸಿದ್ದ. ಹಿಮ ಬೀಳದ ಊರಲ್ಲಿ ಇದು ಯಾಕಪ್ಪ ಅಂದರೆ, "ಎಲ್ಲರೂ ಹಿಂಗೇ ಕಟ್ಸೋದು ಈಗ" ಅಂದ. ಹಂಡೆ ಒಲೆಗೆ ಮಾತ್ರ ಅದೇ ತೆಂಗಿನ ಮಟ್ಟೆ. ನಮ್ಮ ಹಂಡೆ, ಪಕ್ಕದವರ ಹಂಡೆ, ಬೀದಿಯ ಅಷ್ಟೂ ಹಂಡೆಗಳ ಹೊಗೆ ಬೆಳಿಗ್ಗೆ ಒಳಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಬಂದ ಕೆಲವೇ ದಿನಕ್ಕೆ ಮಗಳ ಎದೆ ಮತ್ತೆ ಸಿಳ್ಳು ಹಾಕಿತು. ನಾನು ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಉಬ್ಬಸ. ನೋಡಲು ಬಂದ ನೆಂಟರು "ಪರದೇಶದ ಮಗು, ನಮ್ಮ ಗಾಳಿ ಒಗ್ಗಲ್ಲ" ಅಂದರು.

ಅಮ್ಮ ಮಾತ್ರ ನೀರು ತಂದು ಹಂಡೆಯ ಒಲೆಗೆ ಸುರಿದಳು. ಮೈ ಕಾಯಿಸಿಕೊಳ್ಳುತ್ತ ಕೂತಿದ್ದ ಅಣ್ಣ ಎದ್ದು ನಿಂತ. "ನಮ್ಮನೇದು ಆರಿಸ್ದೆ. ಬೀದಿಯೋರ್ದೆಲ್ಲ ಹೆಂಗೆ ಆರಿಸ್ಲಿ?" ಎಂದು ಅಮ್ಮ ನನ್ನನ್ನು ಕೇಳಿದಳು. ಎರಡು ತಿಂಗಳಿಗೆಂದು ಬಂದವರು ಆ ವಾರವೇ ಹೊರಟೆವು.

ಅರಸೀಕೆರೆ ಜಂಕ್ಷನ್ನಿನಲ್ಲಿ ಅಮ್ಮ ಮಗಳನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. "ಇನ್ಮೇಲೆ ಮಗೂನ ಇಲ್ಲಿಗೆ ಕರ್ಕೊಂಡು ಬರ್ಬೇಡ ಕಣೇ" ಅಂದಳು. "ನಾನೇ ಅಲ್ಲಿಗೆ ಬತ್ತೀನಿ."

"ಅಲ್ಲಿ ಥಂಡಿ ಅಂತೀಯಲ್ಲಮ್ಮ."

"ಕಿಟ್ಕಿ ತೆಕ್ಕೊಂಡೇ ಕೂತ್ಕೋತೀನಿ. ಮಗು ಉಸಿರಾಡ್ಲಿ."

ಹೆತ್ತ ತಾಯಿಯೇ ತವರಿಗೆ ಬರಬೇಡ ಅಂದಳಲ್ಲ ಎಂದು ಕೋಪ ಬಂತು. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಕೋಪವನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ರೈಲು ಬಂತು. ಮಗಳು ಅಜ್ಜಿಯ ಸೆರಗು ಬಿಡಲಿಲ್ಲ. ಅಮ್ಮನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನನ್ನ ಕೈಗೆ ಕೊಟ್ಟಳು.