ಬೇವಿನ ಮರದ ಹಿಂದಿನ ಎಮ್ಮೆ

ಅಡರಕಟ್ಟಿಯ ನಮ್ಮ ಎದುರುಮನೆ ಅಜ್ಜಿ ದಿನಾ ಸಂಜೆ ತನ್ನ ಎಮ್ಮೆಯ ಜೊತೆ ಕಣ್ಣುಮುಚ್ಚಾಲೆ ಆಡುತ್ತಿದ್ದಳು. ಎಮ್ಮೆ ಬೇವಿನ ಮರದ ಹಿಂದೆ ಮುಖವನ್ನಷ್ಟೇ ಬಚ್ಚಿಟ್ಟು, ಉಳಿದ ಮೈಯನ್ನೆಲ್ಲ ಬೀದಿಗೆ ಬಿಟ್ಟು ನಿಲ್ಲುತ್ತಿತ್ತು. ಅಜ್ಜಿ ಅದರ ಬಾಲ ಸರಿಸಿಕೊಂಡೇ ಮುಂದೆ ಹೋಗಿ, "ಎಲ್ಲಿ ಹೋತವಾ ಇದು? ನೀವ್ಯಾರರ ಕಂಡೀರೇನು?" ಎನ್ನುವಳು. ಓಣಿಯವರೆಲ್ಲ ಗಂಭೀರವಾಗಿ "ಇಲ್ಲಬೇ ಯವ್ವಾ" ಅನ್ನಬೇಕು. ನಕ್ಕವರಿಗೆ ಮರುದಿನ ಮಜ್ಜಿಗೆ ಇಲ್ಲ.

ಹಾಲು ನಿಂತಿತೆಂದು ಮಗ ಅದನ್ನು ಮಾರಲು ಲಕ್ಷ್ಮೇಶ್ವರದಿಂದ ವ್ಯಾಪಾರಿಯನ್ನು ಕರೆತಂದ. ಎಮ್ಮೆ ಮರದ ಹಿಂದಿತ್ತು. ಅಜ್ಜಿ, "ಮುಂಜಾನಿಂದ ಹುಡುಕಾಕತ್ತೀನ್ರಿ, ಸಿಗವಲ್ದು," ಎಂದಳು. ನಾವೂ ಕಂಡಿಲ್ಲ ಅಂದೆವು. ವ್ಯಾಪಾರಿ ಅಲ್ಲಾಡುತ್ತಿದ್ದ ಬಾಲವನ್ನು ನೋಡಿದ, ಮರವನ್ನೊಂದು ಸುತ್ತು ಹಾಕಿದ, ಬಂದು ಮಗನಿಗೆ ಹೇಳಿದ: "ನನಗೂ ಕಾಣವಲ್ದಪಾ. ಸಿಕ್ಕ ಮ್ಯಾಲೆ ಖಬರ ಕಳಸು."