ಅಕ್ಕೋರು ಸೈಕಲ್ ಕಲಿತ ಬೇಸಿಗೆ

ನನ್ನ ಅವ್ವನಿಗೂ ನನಗೂ ಅಕ್ಷರ ಕಲಿಸಿದವರು ಒಬ್ಬರೇ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ನವಲಗುಂದ ತಾಲೂಕಿನ ನಮ್ಮೂರಿನ ಹೆಣ್ಣುಮಕ್ಕಳ ಶಾಲೆಗೆ ಆಮೇಲೆ ಇನ್ನೂ ಇಬ್ಬರು ಮೂವರು ಬಂದು ಹೋದರು. ಆದರೆ ಅಕ್ಕೋರು ಎಂದರೆ ಊರಿಗೆ ಅವರೊಬ್ಬರೇ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ, ಒಂದು ಟ್ರಂಕು ಮತ್ತು ಒಂದು ಹಿತ್ತಾಳೆ ತಂಬಿಗೆ ಹಿಡಿದು ನಮ್ಮೂರಲ್ಲಿ ಬಸ್ಸಿಳಿದವರು ಮತ್ತೆಲ್ಲಿಗೂ ಹೋಗಲಿಲ್ಲ. ವರ್ಗಾವಣೆಯ ಕಾಗದ ಬಂದಾಗಲೆಲ್ಲ ಊರ ಹಿರಿಯರು ತಾಲೂಕಿಗೆ ಹೋಗಿ ಅದನ್ನು ರದ್ದು ಮಾಡಿಸಿಕೊಂಡು ಬರುತ್ತಿದ್ದರು.

ಹತ್ತಿ ಬಿಡಿಸುವ ದಿನಗಳಲ್ಲಿ ಹುಡುಗಿಯರು ಶಾಲೆಗೆ ಬರುತ್ತಿರಲಿಲ್ಲ. ಬೇರೆಯವರಾದರೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಬರೆದು ಸುಮ್ಮನಾಗುತ್ತಿದ್ದರು. ಅಕ್ಕೋರು ಶಾಲೆ ಬಿಟ್ಟ ಮೇಲೆ ಸೀದಾ ಹೊಲಕ್ಕೆ ಬರುತ್ತಿದ್ದರು. ಸೆರಗನ್ನು ಉಡಿಯಾಗಿ ಕಟ್ಟಿಕೊಂಡು, ನಮ್ಮ ಸಾಲಿನಲ್ಲೇ ನಿಂತು ಹತ್ತಿ ಬಿಡಿಸುತ್ತ, ಹದಿಮೂರರ ಮಗ್ಗಿ ಹೇಳಿಸುತ್ತಿದ್ದರು. ಹೊಲದ ಒಡತಿ ಬಂದು ನೋಡಿದರೆ ಕೆಲಸ ನಿಂತಿರುತ್ತಿರಲಿಲ್ಲ, ಹಾಗಾಗಿ ಬೈಯುವಂತೆಯೂ ಇರಲಿಲ್ಲ. ನನಗೆ ಇವತ್ತಿಗೂ ಹದಿಮೂರರ ಮಗ್ಗಿ ಎಲ್ಲಿಂದ ಕೇಳಿದರೂ ಬರುತ್ತದೆ, ಹದಿನಾರರದು ಬರುವುದಿಲ್ಲ. ಹದಿನಾರಕ್ಕೆ ತಲುಪುವಷ್ಟರಲ್ಲಿ ಆ ವರ್ಷದ ಹತ್ತಿ ಮುಗಿದಿತ್ತು.

ಅವರು ಯಾರನ್ನೂ ಹೊಡೆಯುತ್ತಿರಲಿಲ್ಲ. ಬಾಜೂಕಿನ ಗಂಡುಮಕ್ಕಳ ಶಾಲೆಯಿಂದ ಬೆತ್ತದ ಸಪ್ಪಳ ನಮ್ಮ ಪಡಸಾಲೆಗೆ ಕೇಳುತ್ತಿತ್ತು. ನಮ್ಮ ಅಕ್ಕೋರ ಕೈಯಲ್ಲಿ ಮಾತ್ರ ಬೆತ್ತವೇ ಇರಲಿಲ್ಲ. ಅದು ಅವರ ಹುಟ್ಟುಗುಣ ಎಂದು ನಾವು ತಿಳಿದಿದ್ದೆವು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅವರಿಗೆ ಐವತ್ತೈದು ತುಂಬಿ ನಿವೃತ್ತರಾದರು. ಊರವರು ಶಾಲೆಯ ಪಡಸಾಲೆಯಲ್ಲಿ ಹಾರ ಹಾಕಿ, ಇಳಕಲ್ ಸೀರೆ ಕೊಟ್ಟು, ಗೋಧಿ ಬೆಲ್ಲದ ಮಾದಲಿಯ ಊಟ ಹಾಕಿದರು. ಹುಬ್ಬಳ್ಳಿಯಲ್ಲಿದ್ದ ತಮ್ಮನ ಮನೆಗೆ ಹೋಗಿಬಿಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅಕ್ಕೋರು ಹೋಗಲಿಲ್ಲ. ನಮ್ಮ ಮನೆಯ ಗೋಡೆಗೆ ಹೊಂದಿಕೊಂಡಿದ್ದ ಎರಡು ಕೋಣೆಯ ಮನೆಯಲ್ಲಿ ಮೊದಲು ಹೇಗಿದ್ದರೋ ಹಾಗೆಯೇ ಉಳಿದರು.

ಏಳನೆಯ ಇಯತ್ತೆಯ ನನ್ನ ಮುಲ್ಕಿ ಪರೀಕ್ಷೆ ಮುಗಿದು ಬೇಸಿಗೆಯ ಸೂಟಿ ಶುರುವಾಗಿತ್ತು. ಒಂದು ಮುಂಜಾನೆ ಅಪ್ಪ ಕಟ್ಟೆಯ ಮುಂದೆ ತನ್ನ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಅಕ್ಕೋರು ಬಂದು ಕಟ್ಟೆಯ ಮೇಲೆ ಕುಳಿತರು.

“ನಿನ್ನ ಸೈಕಲ್ ಒಂದ್ ತಿಂಗಳ ಮುಂಜಾನಿ ಹೊತ್ತು ನನಗ ಬೇಕಾಗಿತ್ತಪಾ” ಎಂದರು.

“ಎಲ್ಲಿಗಿ ಹೋಗೂದೈತಿ ಹೇಳ್ರಿ ಅಕ್ಕೋರ, ನಾನ ಹೋಗಿ ಬರ್ತೀನಿ.”

“ಅದಕ್ಕಲ್ಲ. ನಾ ಸೈಕಲ್ ಕಲೀಬೇಕಂತ ಮಾಡೀನಿ.”

ಅಪ್ಪ ಗಾಳಿ ಹೊಡೆಯುತ್ತಲೇ ಇದ್ದ. ಟೈರು ಕಲ್ಲಿನಷ್ಟು ಗಟ್ಟಿಯಾದದ್ದು ಅವನಿಗೆ ತಿಳಿಯಲೇ ಇಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಬಿದ್ದು ಕೈಕಾಲ ಮುರಕೊಂಡೀರಿ ಅಕ್ಕೋರ.”

“ಬೀಳ್ತೀನಿ. ಬೀಳಲಾರದ ಯಾರ ಕಲ್ತಾರ?”

“ಕಲಸೋರ ಯಾರ್ರಿ?”

ಅಕ್ಕೋರು ನನ್ನತ್ತ ಕೈ ಮಾಡಿದರು. “ಈಕೀನ. ಗುಡಿ ಹಿಂದ ಸೈಕಲ್ ದಂಡಿ ಕೆಳಗ ಕಾಲ ಹಾಕಿ ಹೊಡ್ಯೂದನ್ನ ದಿನಾ ನೋಡೀನಿ.”

ಅಪ್ಪ ಹೊಲದಲ್ಲಿದ್ದಾಗ ಸೈಕಲ್ ಕದ್ದು ಒಯ್ಯುತ್ತಿದ್ದೆನೆಂಬುದು ಅಪ್ಪನಿಗೆ ಗೊತ್ತಾದದ್ದು ಹೀಗೆ. ಅವನು ನನ್ನನ್ನೊಮ್ಮೆ ನೋಡಿದ. ಅಕ್ಕೋರು ಎದುರಿಗಿದ್ದರಲ್ಲ, ಬೈಯಲಿಲ್ಲ.

ಊರ ಹೊರಗಿನ ನಮ್ಮ ಕಣದಲ್ಲಿ ಪಾಠ ಶುರುವಾಯಿತು. ಜೋಳದ ರಾಶಿ ಮುಗಿದು ಕಣ ಖಾಲಿಯಾಗಿತ್ತು. ಸಗಣಿ ಸಾರಿಸಿದ ದುಂಡನೆಯ ನೆಲ, ಮಳೆ ಬೀಳುವ ತನಕ ಅದರಷ್ಟು ನುಣುಪಾದ ಜಾಗ ಎರೆಭೂಮಿಯಲ್ಲಿ ಇನ್ನೊಂದಿಲ್ಲ. ನಡುವೆ ಎತ್ತು ಕಟ್ಟುವ ಮರದ ಕಂಬ, ಮೇಟಿ. ಬಿಸಿಲು ಏರುವ ಮೊದಲು ನಾವಿಬ್ಬರೂ ಅಲ್ಲಿರುತ್ತಿದ್ದೆವು. ಅಕ್ಕೋರು ಸೀರೆಗೆ ಗಟ್ಟಿಯಾಗಿ ಕಚ್ಚೆ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದರು.

ಮೊದಲನೆಯ ದಿನವೇ ಹೇಳಿದರು: “ಇಲ್ಲಿ ನೀ ಅಕ್ಕೋರು, ನಾ ಹುಡುಗಿ. ತಿಳೀತ?”

ಅವರಿಗೆ ಮೇಟಿಯ ಭಯ. ಭಯದಿಂದ ಅದನ್ನೇ ನೋಡುತ್ತಿದ್ದರು, ನೋಡಿದ ಕಡೆಗೇ ಸೈಕಲ್ ಹೋಗುತ್ತಿತ್ತು. ನಾನು ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತ “ಮೇಟಿ ನೋಡಬ್ಯಾಡ್ರಿ, ಮೇಟಿ ನೋಡಬ್ಯಾಡ್ರಿ” ಎಂದು ಕೂಗುತ್ತಿದ್ದೆ. ಹೊಲಕ್ಕೆ ಹೋಗುವ ಹೆಂಗಸರು ದಾರಿಯಲ್ಲಿ ನಿಂತು ನಗುತ್ತಿದ್ದರು. ಕಣದಲ್ಲಿ ಎತ್ತುಗಳನ್ನು ಸುತ್ತು ತಿರುಗಿಸಿ ತೆನೆ ತುಳಿಸುವುದಕ್ಕೆ ನಮ್ಮಲ್ಲಿ ಹಂತಿ ಹೊಡೆಯುವುದು ಎನ್ನುತ್ತಾರೆ. ಆ ಹೆಂಗಸರಲ್ಲೊಬ್ಬಳು, “ಅಕ್ಕೋರು ಹಂತಿ ಹೊಡ್ಯಾಕತ್ತಾರ ನೋಡ್ರೇ” ಎಂದಳು.

“ಕಾಳು ಇನ್ನೂ ಉದುರಿಲ್ಲ ಯವ್ವಾ, ಇನ್ನಷ್ಟ ತುಳೀಬೇಕು” ಎಂದರು ಅಕ್ಕೋರು, ಬಿದ್ದಲ್ಲಿಂದ ಏಳುತ್ತ.

ಪಾಠ ಮುಗಿದ ಮೇಲೆ ಅವರು ಒಂದು ಸಣ್ಣ ನೋಟುಬುಕ್ಕು, ಒಂದು ಕೆಂಪು ಪೆನ್ಸಿಲ್ ನನ್ನ ಕೈಗೆ ಕೊಟ್ಟು ಮಾರ್ಕು ಹಾಕೆಂದರು. ನಾನು ಹೆದರಿ ನೂರಕ್ಕೆ ಮೂವತ್ತೈದು ಹಾಕಿದೆ.

“ಮೂರ ಸಲ ಬಿದ್ದಾಕಿ ಪಾಸ್ ಹೆಂಗ ಆಗ್ತಾಳ? ಖರೇ ಎಷ್ಟ ಬರ್ತಾವ ಅಷ್ಟ ಹಾಕು.”

ಮೂವತ್ತೈದನ್ನು ಹೊಡೆದುಹಾಕಿ ಎಂಟು ಎಂದು ಬರೆದೆ. ಅಕ್ಕೋರು ಅದನ್ನು ನೋಡಿ ಸಮಾಧಾನದಿಂದ ಪುಸ್ತಕ ಮುಚ್ಚಿದರು. ಅವ್ವ ಅವರ ಮೊಣಕೈಗೆ ಅರಿಷಿಣ ಎಣ್ಣೆ ಹಚ್ಚುವಾಗಲೂ, “ಇವತ್ತ ಎಂಟು ಬಂದಾವ” ಎಂದು ಹೇಳಿಕೊಂಡರು.

ಒಂದು ವಾರ ಕಳೆದಿರಬೇಕು. ಅಷ್ಟೊತ್ತಿಗೆ ಅವರು ಒಬ್ಬರೇ ಹತ್ತು ಹೆಜ್ಜೆಯಷ್ಟು ದೂರ ಹೊಡೆಯುತ್ತಿದ್ದರು, ಆದರೆ ಬ್ರೇಕು ಹಿಡಿಯುವುದನ್ನು ಪ್ರತಿ ಸಲ ಮರೆಯುತ್ತಿದ್ದರು. ಆ ದಿನ ನಾಲ್ಕನೆಯ ಸಲ ಕಣದ ಅಂಚು ದಾಟಿ ಮುಳ್ಳುಕಂಟಿಯೊಳಗೆ ನುಗ್ಗಿದರು. ಅಪ್ಪನ ಸೈಕಲ್ಲಿನ ಹ್ಯಾಂಡಲ್ ಸೊಟ್ಟಗಾಯಿತು. ನನಗೆ ಸಿಟ್ಟು ತಡೆಯಲಾಗಲಿಲ್ಲ.

“ಎಷ್ಟ ಸಲ ಹೇಳಬೇಕು ನಿಮಗ? ತಲಿಯೊಳಗ ಏನೂ ಹೋಗೂದ ಇಲ್ಲೇನು?”

ಮಾತು ಬಾಯಿಂದ ಹೋದ ಮೇಲೆ ನನಗೇ ಕೇಳಿಸಿತು. ಒಂದು ‘ರಿ’ ಕೂಡ ಹಚ್ಚಿರಲಿಲ್ಲ. ಅಕ್ಕೋರು ಸೈಕಲ್ಲನ್ನು ಮೇಟಿಗೆ ಆನಿಸಿ ನಿಲ್ಲಿಸಿದರು. ಸೀರೆಗೆ ಹತ್ತಿದ ಮುಳ್ಳುಗಳನ್ನು ಒಂದೊಂದಾಗಿ ತೆಗೆದರು. ಆಮೇಲೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ಹೆದರಬ್ಯಾಡ. ಇದ ಮಾತ ನಾ ಒಬ್ಬಾಕಿಗಿ ಅಂದಿದ್ನಿ. ನೀ ಬರೇ ಅಂದಿ, ನಾ ಹೊಡದಿದ್ನಿ.”

ಅದು ಅವರು ಕೆಲಸಕ್ಕೆ ಬಂದ ಮೊದಲ ವರ್ಷದ ಮಾತು. ಮೂರನೆಯ ಇಯತ್ತೆಯ ಒಬ್ಬ ಹುಡುಗಿಗೆ ದಶಕ ತಂದು ಕಳೆಯುವ ಲೆಕ್ಕ ತಲೆಗೆ ಹೋಗುತ್ತಿರಲಿಲ್ಲ. ಅಕ್ಕೋರು ನಾಲ್ಕಾರು ದಿನ ಹೇಳಿದರು. ಒಂದು ದಿನ ಸಹನೆ ಕೆಟ್ಟು ಮರದ ರೂಲಿನಿಂದ ಅವಳ ಬೆರಳ ಗಂಟಿನ ಮೇಲೆ ಹೊಡೆದರು. ಹುಡುಗಿ ಅಳಲಿಲ್ಲ. ಬಳಪ ಪಾಟಿ ಎತ್ತಿಕೊಂಡು ಮನೆಗೆ ಹೋದವಳು ತಿರುಗಿ ಬರಲಿಲ್ಲ. ಅಕ್ಕೋರು ಮನೆಗೆ ಹೋಗಿ ಕರೆದರೂ ಬರಲಿಲ್ಲ. ಕೆಲವು ವರ್ಷಕ್ಕೆ ಅವಳನ್ನು ಹಳ್ಳದ ಆಚೆ ಮೂರು ಮೈಲಿ ದೂರದ ಊರಿಗೆ ಮದುವೆ ಮಾಡಿ ಕೊಟ್ಟರು.

“ಮೊನ್ನಿ ಸಂತ್ಯಾಗ ಸಿಕ್ಕಿದ್ಲು. ಈಗ ಮೂರ ಮಕ್ಕಳ ತಾಯಿ. ಕಾಲ ಮುಟ್ಟಿ ನಮಸ್ಕಾರ ಮಾಡಿದ್ಲು. ನಾ ಹೊಡದದ್ದ ತಪ್ಪಾತವಾ ಅಂದ್ನಿ. ಅದಕ್ಕ ಆಕಿ ನಕ್ಕು ಏನಂದ್ಲು ಗೊತ್ತೈತೇನು? ‘ಹೊಡದದ್ದ ಇರ್ಲಿ ಬಿಡ್ರಿ ಅಕ್ಕೋರ, ಆ ಲೆಕ್ಕ ನನಗ ಇನ್ನೂ ತಿಳೀಲಿಲ್ಲ. ಈಗ ನಿಮಗ ಕೆಲಸ ಇಲ್ಲಂತಲ್ಲ, ಬಂದು ಕಲಸ್ರಿ’ ಅಂದ್ಲು.”

ಆ ಊರಿಗೆ ಬಸ್ಸು ಮುಂಜಾನೆಗೊಂದು, ಸಂಜೆಗೊಂದು. ಅಕ್ಕೋರ ಮೊಣಕಾಲು ನಡೆದು ಹೋಗಲು ಒಪ್ಪುತ್ತಿತ್ತು, ನಡೆದು ಬರಲು ಒಪ್ಪುತ್ತಿರಲಿಲ್ಲ. ಸೈಕಲ್ಲಿನ ವಿಚಾರ ಬಂದದ್ದು ಅದಕ್ಕೆ.

“ಈಗ ಇನ್ನೊಂದ್ ಸಲ ಹೇಳು. ಬ್ರೇಕ ಯಾವಾಗ ಹಿಡೀಬೇಕು?” ಎಂದು ಎದ್ದು ನಿಂತರು.

ನಾನು ಮೂಗು ಒರೆಸಿಕೊಳ್ಳುತ್ತ ಮೊದಲಿನಿಂದ ಹೇಳಿದೆ. ನಾನು ಈ ತನಕ ಕೂಗುತ್ತಿದ್ದೆನೇ ಹೊರತು ಒಂದು ಸಲವೂ ಅವರ ಕೈ ಹಿಡಿದು ಬ್ರೇಕಿನ ಮೇಲೆ ಇಟ್ಟು ತೋರಿಸಿರಲಿಲ್ಲ ಎಂದು ಆಗ ಹೊಳೆಯಿತು. ಇಟ್ಟು ತೋರಿಸಿದೆ. ಆ ದಿನ ಅವರು ಕಂಟಿಯ ಮುಂದೆ ನಿಂತರು.

ಮುಂದಿನ ವಾರ ಕಣ ಬಿಟ್ಟು ಚಕ್ಕಡಿಯ ದಾರಿಗೆ ಬಂದೆವು. ಒಂದು ಮುಂಜಾನೆ ನಾನು ಕೈ ಬಿಟ್ಟದ್ದು ತಿಳಿಯದೆ ಅವರು ಹೊಲದ ಬದು ದಾಟಿ, ಬೇವಿನ ಮರ ದಾಟಿ, ಹೋಗಿಯೇ ಹೋದರು. ತಿರುಗಿಸಿಕೊಂಡು ಬರುವಾಗ ಅವರ ಮುಖದಲ್ಲಿ ಬೆವರು, ತುರುಬು ಬಿಚ್ಚಿತ್ತು. ನಾನು ಅರವತ್ತು ಮಾರ್ಕು ಕೊಟ್ಟೆ.

“ಯಾಕ ಅರವತ್ತ?”

“ಇಳಿಯೂದ ಇನ್ನೂ ನಿಮಗ ಬರೂದಿಲ್ಲರಿ.”

“ಹೌದು” ಎಂದು ಒಪ್ಪಿಕೊಂಡರು. ಆದರೂ ಆ ಪುಟವನ್ನು ಅವ್ವನಿಗೆ ತೋರಿಸಿದರು, ಅಪ್ಪನಿಗೂ ತೋರಿಸಿದರು.

ಹುಬ್ಬಳ್ಳಿಯ ತಮ್ಮನ ಮನೆಯಿಂದ ನಡುವಿನ ದಂಡಿಯಿಲ್ಲದ ಹಳೆಯ ಲೇಡೀಸ್ ಸೈಕಲ್ಲೊಂದು ಬಸ್ಸಿನ ಮೇಲೆ ಬಂತು. ಅಕ್ಕೋರು ಅದನ್ನು ಹತ್ತಿ ಊರ ಬಾಗಿಲಾದ ಅಗಸಿಯಿಂದ ಹೊರಟ ದಿನ ಕಟ್ಟೆಯ ಮೇಲಿದ್ದ ಮುದುಕರೊಬ್ಬರು, “ಈ ವಯಸ್ಸಿನ್ಯಾಗ ಇದೇನ್ರಿ ಅಕ್ಕೋರ, ನೋಡಾಕ ಚೊಲೋ ಕಾಣೂದಿಲ್ಲ” ಎಂದರು. ಅಕ್ಕೋರು ಸೈಕಲ್ ನಿಲ್ಲಿಸಿದರು. ಅಷ್ಟರಲ್ಲಿ ಇಳಿಯುವುದೂ ಬಂದಿತ್ತು.

“ಹಿಂದ ಕುಂಡ್ರತೀರೇನ್ರಿ ಕಾಕಾ? ಸಂತಿಗಿ ಬಿಟ್ಟ ಹೋಗ್ತೀನಿ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಮುದುಕರೂ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಆ ಮಾತು ಅಲ್ಲಿಗೇ ಮುಗಿಯಿತು.

ಮೊದಲ ಸಲ ಹಳ್ಳದಾಚೆಗೆ ಹೋದಾಗ ನಾನೂ ಅಪ್ಪನ ಸೈಕಲ್ ತೆಗೆದುಕೊಂಡು ಜೊತೆಗೆ ಹೋಗಿದ್ದೆ. ಆ ಹೆಣ್ಣುಮಗಳು ಅಂಗಳದಲ್ಲೇ ನಿಂತಿದ್ದಳು. ಅಕ್ಕೋರು ಸೈಕಲ್ಲಿಂದ ಇಳಿಯುವುದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಜ್ಜಿಗೆ ಕೊಟ್ಟಳು, ಚಾಪೆ ಹಾಸಿದಳು. ಮಗಳ ಪಾಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಾಗ ಮಾತ್ರ ನಾಚಿಕೆಯಾಗಿ ತಲೆ ತಗ್ಗಿಸಿದಳು. ಕುಡುಗೋಲು ಹಿಡಿದು ಗಟ್ಟಿಯಾದ ಆ ಬೆರಳುಗಳಲ್ಲಿ ಬಳಪ ನಿಲ್ಲುತ್ತಿರಲಿಲ್ಲ.

ಅಕ್ಕೋರು ಪಾಟಿಯ ಮೇಲೆ ನಲವತ್ತೆರಡು ಬರೆದು ಅದರ ಕೆಳಗೆ ಹದಿನೇಳು ಬರೆದರು. ಆಮೇಲೆ ಆಚೀಚೆ ನೋಡಿ, ಹಿತ್ತಲಲ್ಲಿ ಒಟ್ಟಿದ್ದ ಬಣವೆಯಿಂದ ಒಂದಿಷ್ಟು ಜೋಳದ ದಂಟು ತರಿಸಿದರು. ಹತ್ತು ಹತ್ತು ದಂಟಿನ ನಾಲ್ಕು ಸೂಡು ಕಟ್ಟಿಸಿ, ಪಕ್ಕದಲ್ಲಿ ಎರಡು ಬಿಡಿ ದಂಟು ಇಟ್ಟರು.

“ಇದರಾಗ ಒಂದ್ ಸೂಡು, ಏಳ ದಂಟು ನನಗ ಕೊಡು ನೋಡೋಣು.”

ಆಕೆ ಒಂದು ಸೂಡು ಎತ್ತಿಕೊಟ್ಟಳು. ಬಿಡಿ ದಂಟುಗಳನ್ನು ನೋಡಿದಳು. “ಎರಡ ಅದಾವಲ್ರಿ. ಇನ್ನೊಂದ್ ಸೂಡು ಬಿಚ್ಚಬೇಕಾಗತೈತಿ.”

“ಬಿಚ್ಚು.”

ಬಿಚ್ಚಿದಳು. ಏಳು ಎಣಿಸಿ ಕೊಟ್ಟಳು. ಉಳಿದದ್ದನ್ನು ನೋಡಿದಳು: ಎರಡು ಸೂಡು, ಐದು ದಂಟು. ಪಾಟಿಯತ್ತ ತಿರುಗಿ ಅಂಕಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು.

“ಇಷ್ಟ ಏನ್ರಿ?” ಎಂದಳು ಕೊನೆಗೆ.

“ಇಷ್ಟ. ಆವತ್ತ ನನಗ ಸೂಡು ಬಿಚ್ಚಿ ತೋರಸಾಕ ಬರ್ತಿರಲಿಲ್ಲ.”

ಆಕೆ ಪಾಟಿಯ ಮೇಲೆ ಇಪ್ಪತ್ತೈದು ಬರೆದಳು. ಐದು ಸ್ವಲ್ಪ ಮಲಗಿತ್ತು. ಅಕ್ಕೋರು ಅದನ್ನು ತಿದ್ದಲಿಲ್ಲ, ಇನ್ನೊಂದು ಲೆಕ್ಕ ಕೊಟ್ಟರು.

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಹೊಲದ ಕೆಲಸ ಕಡಿಮೆ. ಹೀಗಾಗಿ ಸೋಮವಾರ ಲೆಕ್ಕ, ಓದುಬರಹದ ಪಾಠ ಎಂದಾಯಿತು. ಒಬ್ಬಳಿದ್ದದ್ದು ಮಳೆಗಾಲಕ್ಕೆ ಐದು ಜನ, ದೀಪಾವಳಿಗೆ ಹನ್ನೊಂದು ಜನವಾದರು. ಮಳೆಯಾದರೆ ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ ಅಲುಗುತ್ತಿರಲಿಲ್ಲ. ಆಗ ದಾರಿಯಲ್ಲಿದ್ದ ಯಾರದೋ ಹೊಲದ ಗುಡಿಸಲಲ್ಲಿ ಅದನ್ನು ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಉಳಿದ ದಾರಿ ನಡೆಯುತ್ತಿದ್ದರು. ಅಂಥ ದಿನ, ಎತ್ತು ಹೂಡದ ಸೋಮವಾರವಾದ್ದರಿಂದ, ಅಲ್ಲಿಯ ಹೆಂಗಸರು ಚಕ್ಕಡಿ ಹೂಡಲು ಗಂಡಂದಿರಿಗೆ ಹೇಳಲಾರದೆ, ತಾವೇ ಇಬ್ಬರು ಕೈಹಿಡಿದು ಅವರನ್ನು ಹಳ್ಳ ದಾಟಿಸಿ ಬಿಡುತ್ತಿದ್ದರು. ಸೋಮವಾರ ಎತ್ತಿಗೆ ಬಿಡುವು, ಅಕ್ಕೋರಿಗೆ ಇಲ್ಲ ಎಂದು ಅವ್ವ ನಗುತ್ತಿದ್ದಳು.

ನನ್ನನ್ನು ನವಲಗುಂದದ ಹೈಸ್ಕೂಲಿಗೆ ಕಳಿಸೆಂದು ಅಪ್ಪನಿಗೆ ಹೇಳಿದವರೂ ಅವರೇ. ಅಪ್ಪನಿಗೆ ಮನಸ್ಸಿರಲಿಲ್ಲ. “ನನಗ ಕಲಿಸಿದಾಕಿ ಏಳನೇತ್ತಕ್ಕ ನಿಂತ್ರ ನನಗ ಮರ್ಯಾದಿ ಇರ್ತೈತೇನಪಾ?” ಎಂದು ಅಕ್ಕೋರು ಕೇಳಿದರು. ಅಪ್ಪನೇ ಹೋಗಿ ನನ್ನ ಹೆಸರು ಹಚ್ಚಿ ಬಂದ.

ಐದಾರು ವರ್ಷದಲ್ಲಿ ಅವರ ಮೊಣಕಾಲು ಪೆಡಲ್ ತುಳಿಯುವುದಕ್ಕೂ ಒಲ್ಲೆನೆಂದಿತು. ಅಷ್ಟರಲ್ಲಿ ಆ ಊರಲ್ಲಿ ಓದುಬರಹ ಬಂದ ಹೆಂಗಸರು ಉಳಿದವರಿಗೆ ತಾವೇ ಹೇಳಿಕೊಡುತ್ತಿದ್ದರು. ಅಕ್ಕೋರು ಮನೆಯ ಕಟ್ಟೆಯ ಮೇಲೆ ಕುಳಿತು, ಬಂದವರ ಮಕ್ಕಳಿಗೆ ಮಗ್ಗಿ ಕೇಳುತ್ತ, ತಮ್ಮ ಪಾಡಿಗೆ ತಾವು ಹಿಗ್ಗಿನಿಂದ ಇದ್ದರು. ಬಹಳ ವರ್ಷ ಬದುಕಿ ನಮ್ಮೂರಲ್ಲೇ ಕಣ್ಣು ಮುಚ್ಚಿದರು. ಆದರೆ ಅವರನ್ನು ನೆನೆದಾಗ ನನಗೆ ಕಾಣುವುದು ಆ ಕೊನೆಯ ದಿನಗಳಲ್ಲ, ನನ್ನ ಮೊದಲ ಕೂಸಿಗೆ ಹೆಸರಿಟ್ಟ ದಿನ.

ನನ್ನನ್ನು ಕಲಘಟಗಿಗೆ ಮದುವೆ ಮಾಡಿ ಕೊಟ್ಟಿದ್ದರು. ಬಾಣಂತನಕ್ಕೆ ತವರಿಗೆ ಬಂದಿದ್ದೆ. ಅಪ್ಪ ಕಲಘಟಗಿಯಿಂದಲೇ ಬಣ್ಣದ ತೊಟ್ಟಿಲು ತರಿಸಿದ್ದ. ನಡುಮನೆಯ ತುಂಬ ಹೆಂಗಸರು. ಅಕ್ಕೋರು ತೊಟ್ಟಿಲ ಪಕ್ಕದಲ್ಲಿ ಕುಳಿತು ಹಗ್ಗ ಹಿಡಿದು ತೂಗುತ್ತಿದ್ದರು. ಹಳ್ಳದಾಚೆಯ ಆ ಹೆಣ್ಣುಮಗಳೂ ಬಂದಿದ್ದಳು. ಜೋಗುಳ ಹಾಡುವ ಹೊತ್ತಿಗೆ ಅವಳು ಉಡಿಯಿಂದ ಒಂದು ನೋಟುಬುಕ್ಕು ತೆಗೆದು, ಬೆಳಕಿಗೆ ಹಿಡಿದು, ಅಕ್ಷರದ ಮೇಲೆ ಬೆರಳಾಡಿಸುತ್ತ ಹಾಡತೊಡಗಿದಳು.

“ನಿನಗ ಬಾಯಿಪಾಠ ಐತಲ್ಲ ಬೇ, ಪುಸ್ತಕ ಯಾಕ?” ಎಂದಳು ಅವ್ವ.

“ಇರ್ಲಿ ಬಿಡ ಯವ್ವಾ, ಇದು ನಾ ಬರಕೊಂಡದ್ದು” ಎಂದು ಆಕೆ ತಲೆ ಎತ್ತದೆ ಮುಂದಿನ ಸಾಲಿಗೆ ಹೋದಳು. ನಡುವೆ ಒಂದು ಕಡೆ ಅಕ್ಷರದ ಗುರುತು ಹತ್ತದೆ ನಿಂತಳು. ನಮಗೆಲ್ಲರಿಗೂ ಮುಂದಿನ ಮಾತು ಗೊತ್ತಿತ್ತು, ಯಾರೂ ಹೇಳಿಕೊಡಲಿಲ್ಲ. ಅಕ್ಕೋರು ಹಗ್ಗ ಎಳೆಯುವುದನ್ನು ನಿಧಾನ ಮಾಡಿ, ಅವಳು ಓದಿ ಮುಗಿಸುವ ತನಕ ಕಾದರು.